ಎಲೆತೋಟದ ಐದನೇ ಸಾಲು

3 ಏಪ್ರಿಲ್ 2025, ಗುರುವಾರ. ಬೆಳಿಗ್ಗೆ 10.15

ಇವತ್ತೂ ಶಿಗ್ಗಾಂವದಿಂದ ಆರರ ಬಸ್ಸು. ಸವಣೂರಿನಲ್ಲಿ ಇಳಿದು ತೋಟದ ತನಕ ನಡಿಗೆ, ಬೇಲಿಯ ಹೊರಗೆ ಚಪ್ಪಲಿ. ಎಲೆತೋಟದೊಳಗೆ ಯಾರೂ ಚಪ್ಪಲಿ ಹಾಕಿಕೊಂಡು ಹೋಗುವುದಿಲ್ಲ. ಮೊದಲ ದಿನ ಹೋಗಿದ್ದೆ. ತೋಟದ ಯಜಮಾನಿ ಮುಮ್ತಾಜಬೇಗಂ ಬೈಯಲಿಲ್ಲ, ಸುಮ್ಮನೆ ನನ್ನನ್ನು ನೋಡಿದರು. ಬೈದಿದ್ದರೇ ಚೆನ್ನಾಗಿತ್ತು.

ಚಿತ್ರದಲ್ಲಿ ನಾಲ್ಕನೇ ಸಾಲು ಮುಗಿಯಿತು! ಏಳರಲ್ಲಿ ನಾಲ್ಕು. ಚೊಗಚೆ ಮರಗಳು, ಅವಕ್ಕೆ ಹಬ್ಬಿಸಿದ ವೀಳ್ಯದೆಲೆಯ ಬಳ್ಳಿ, ನೆಲದಲ್ಲಿ ಚೂರು ಚೂರು ಬಿಸಿಲು. ಮನುಷ್ಯರಿಲ್ಲ. ನನಗೆ ಬೇಕಾದದ್ದು ಆ ನಿಶ್ಶಬ್ದ. ಬರೀ ಪೆನ್ಸಿಲ್.

ಬಿಡುವಿನಲ್ಲಿ ಕೌಸರ — ಮುಮ್ತಾಜಬೇಗಂ ಅವರ ಸೊಸೆ — ಕೈಗೆ ಬಾಳೆನಾರು ಕೊಟ್ಟಳು. "ಬರೇ ಬರಕೋತ ಕುಂತ್ರ ಹೆಂಗ್ರಿ ಮೇಡಂ? ಒಂದಾರ ಕಟ್ರಿ." ಐದನೇ ಸಾಲಿನ ಒಂದು ಬಳ್ಳಿಯನ್ನು ಮರಕ್ಕೆ ಕಟ್ಟಿದೆ. ಮೂರು ಗಂಟು, ಇಪ್ಪತ್ತು ನಿಮಿಷ. ಕೌಸರ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಯ್ಯ, ಇದು ಗಂಟಲ್ರಿ, ಜಡಿ ಹೆಣದೀರಿ! ರಿಬ್ಬನ್ ಒಂದು ಕಡಿಮಿ ಆತು."

"ಬಿಚ್ಲೇನ?"

"ಇರ್ಲಿ ಬಿಡ್ರಿ. ಹದಿನೈದನೇ ತಾರೀಖಿಗೆ ಹೆಂಗೂ ಹಂಬು ಇಳಸ್ತೇವಿ."

ಹಂಬು ಇಳಿಸುವುದೆಂದರೆ — ಬಳ್ಳಿಯನ್ನೆಲ್ಲ ಮರದಿಂದ ಬಿಡಿಸಿ, ಸುರುಳಿ ಸುತ್ತಿ, ಬುಡದಲ್ಲೇ ಹೂಳುವುದು. ವರ್ಷಕ್ಕೊಮ್ಮೆ. ಹೊಸದಾಗಿ ಚಿಗುರಲಿ ಎಂದು. ಆಮೇಲೆ ಈ ತೋಟ ಹೀಗಿರುವುದಿಲ್ಲ. ಹನ್ನೆರಡು ದಿನ, ಮೂರು ಸಾಲು. ಒಂದು ಸಾಲಿಗೆ ಎರಡು ಬೆಳಗು. ಆಗುತ್ತದೆ... ಆಗಲೇಬೇಕು.

5 ಏಪ್ರಿಲ್, ಶನಿವಾರ

ಕಾಲೇಜಿನಲ್ಲಿ ಪರೀಕ್ಷೆ ಡ್ಯೂಟಿ. ತೋಟಕ್ಕೆ ಹೋಗಲಾಗಲಿಲ್ಲ. ಮನೆಗೆ ಬಂದು ಫ್ಯಾನಿನ ಕೆಳಗೆ ಕೂತು ಐದನೇ ಸಾಲು ಬರೆದೆ. ಒಂದೇ ಗಂಟೆ! ಕೈ ತಾನೇ ಓಡಿತು. ನೋಡಿ ಬರೆದ ಸಾಲುಗಳಿಗಿಂತ ಚೆನ್ನಾಗಿ ಬಂದಿದೆ — ಎಲ್ಲ ಗಂಟೂ ಒಂದೇ ಅಂತರ, ಒಂದೇ ಅಳತೆ. ಯಾರಿಗೆ ಗೊತ್ತಾಗುತ್ತದೆ?

ಈ ಪ್ರಶ್ನೆ ಯಾಕೆ ಬರೆದೆ?

11 ಏಪ್ರಿಲ್, ಶುಕ್ರವಾರ. ಮಧ್ಯಾಹ್ನ 1.20

ಆಯ್ಕೆಯಾಯಿತು!! ಧಾರವಾಡದ ಪ್ರದರ್ಶನಕ್ಕೆ. ಬುಧವಾರ ಏಳನೇ ಸಾಲು ಮುಗಿಸಿ ಫೋಟೋ ಕಳಿಸಿದ್ದೆ, ಇವತ್ತು ಫೋನ್. ಸ್ಟಾಫ್ ರೂಮಿನಿಂದ ಹೊರಗೆ ಓಡಿದೆ. ನಲವತ್ತಾರನೇ ವಯಸ್ಸಿನಲ್ಲಿ, ಸೀರೆಯಲ್ಲಿ, ಕಾರಿಡಾರಿನಲ್ಲಿ ಓಟ. ವಿದ್ಯಾರ್ಥಿಗಳು ದಾರಿ ಬಿಟ್ಟರು. ಪ್ರದರ್ಶನದ ಗೋಡೆಯ ಮೇಲೆ ನನ್ನ ಹೆಸರು — ಸಂಘಮಿತ್ರಾ. ಕೆಳಗೆ 'ಇಂಗ್ಲಿಷ್ ಲೆಕ್ಚರರ್' ಅಂತ ಹಾಕಬೇಡಿ ಎಂದೆ. ಹದಿನಾರಕ್ಕೆ ಚಿತ್ರ ತಲುಪಬೇಕು.

"ಆ ಐದನೇ ಸಾಲು ಏನು ಲಯ ಐತ್ರಿ!" ಅಂದರು ಸಂಘಟಕರು. "ಇಡೀ ಚಿತ್ರ ಅದರ ಮ್ಯಾಲೆ ನಿಂತೈತಿ."

ಥ್ಯಾಂಕ್ಸ್ ಅಂದೆ. ಮತ್ತೇನು ಅನ್ನಬೇಕಿತ್ತು?

13 ಏಪ್ರಿಲ್, ರವಿವಾರ

ಚಿತ್ರವನ್ನು ತೋಟಕ್ಕೆ ಒಯ್ದೆ. ಅವರಿಗೆ ತೋರಿಸದೆ ಧಾರವಾಡಕ್ಕೆ ಕಳಿಸುವುದು ಸರಿ ಕಾಣಲಿಲ್ಲ. ಹಗ್ಗದ ಹೊರಸಿನ ಮೇಲೆ ಹರವಿಟ್ಟೆ. "ಚಂದ ಐತಿ" ಅನ್ನುತ್ತಾರೆ, ಚಹಾ ಕುಡಿದು ಹೊರಡುವುದು — ಇಷ್ಟೇ ಅಂದುಕೊಂಡಿದ್ದೆ.

ಮುಮ್ತಾಜಬೇಗಂ ಕನ್ನಡಕ ಹಾಕಿಕೊಂಡರು. ಬೆರಳಿಟ್ಟು ಓದತೊಡಗಿದರು. ಹೌದು, ಓದಿದರು!

"ಈ ಗಂಟು ಮುಜಾಫರಂದು. ನನ್ನ ಮಗಗ ಒಂದು ಸುತ್ತು ಹಾಕಿದ್ರ ಸಮಾಧಾನ ಇಲ್ಲ, ಎರಡು ಬೇಕು. ಇದು ನಂದು, ತುದಿ ಒಳಗ ಸಿಗಿಸೇನಿ. ಇದು ಕೌಸರಂದು."

"ಅದ್ಹೆಂಗ ಗೊತ್ತಾತ್ರಿ?"

"ಎಡಚಿ ಅಲ್ಲೇನು ಆಕಿ? ಗಂಟು ಆ ಕಡೆ ಬೀಳತೈತಿ."

ಮನುಷ್ಯರೇ ಇಲ್ಲದ ಚಿತ್ರ ಅಂದುಕೊಂಡಿದ್ದೆ. ಮೂವರೂ ಇದ್ದಾರೆ! ನನಗೇ ಗೊತ್ತಿಲ್ಲದೆ ಬರೆದಿದ್ದೇನೆ. ಹೊರಸಿನ ಸುತ್ತ ಕುಣಿಯುವುದೊಂದು ಬಾಕಿ.

ಬೆರಳು ಐದನೇ ಸಾಲಿಗೆ ಬಂತು. ಮೇಲೆ ಹೋಯಿತು, ಕೆಳಗೆ ಬಂತು.

"ಇದು ಯಾರದೂ ಅಲ್ಲ."

ನಾನೂ ಬಗ್ಗಿ ನೋಡಿದೆ.

"ಇದನ್ನ ಯಾರೂ ಕಟ್ಟಿಲ್ಲ, ಬೇಟಾ. ಗಾಳಿ ಬಿಟ್ರ ಬಿದ್ದ ಹೋಗತೈತಿ."

ಬೈಯಲಿಲ್ಲ. ಚಪ್ಪಲಿ ಹಾಕಿಕೊಂಡು ಒಳಗೆ ಬಂದ ದಿನ ನೋಡಿದ ಹಾಗೆ ನೋಡಿದರು.

14 ಏಪ್ರಿಲ್, ಸೋಮವಾರ. ಸಂಜೆ 6

ಬಾಬಾಸಾಹೇಬರ ಜಯಂತಿ. ಬೆಳಿಗ್ಗೆಯಿಂದ ಮೆರವಣಿಗೆ, ಸಭೆ, ನನ್ನದೂ ಒಂದು ಭಾಷಣ. ವೇದಿಕೆಯ ಮೇಲೆ ಕೂತೂ ಐದನೇ ಸಾಲು. ಪ್ರದರ್ಶನದವರಿಗೆ ಇಷ್ಟವಾದದ್ದೇ ಅದು. ಅಳಿಸಿದರೆ? ಹಾಳೆ ಕೆಟ್ಟರೆ? ಉಳಿದ ಆರು ಸಾಲುಗಳ ಗತಿ?

ಬಂದು ಧಾರವಾಡಕ್ಕೆ ಫೋನ್ ಮಾಡಿ ಇದ್ದದ್ದು ಹೇಳಿದೆ, ಆ ಸಾಲು ಅಳಿಸಿ ಮತ್ತೆ ಬರೆಯುತ್ತೇನೆ ಎಂದೆ. "ಕೆಡಸಾಕತ್ತೀರಿ ಮೇಡಂ. ಹೊಸದು ನೋಡಿ ಹೇಳ್ತೇವಿ. ಗ್ಯಾರಂಟಿ ಕೊಡೂದಿಲ್ಲ."

ಅಳಿಸಿದೆ. ಚಿತ್ರದ ನಡುವೆ ಬೂದು ಪಟ್ಟಿ. ಭಯವಾಗಬೇಕಿತ್ತು. ಖುಷಿಯಾಗುತ್ತಿದೆ... ಇದು ಹುಂಬತನವೋ?

ಕೌಸರಳಿಗೆ ಫೋನ್. "ಬರ್ರಿ ಬರ್ರಿ! ನಿಮ್ಮ ಸಾಲು ಕಡೀಗೆ ಇಳಸ್ತೇವಿ. ಆದ್ರ ಹತ್ತರ ತನಕ ಅಷ್ಟ. ಆಮ್ಯಾಲೆ ಬಿಸಲಿಗೆ ಹಂಬು ಬಾಡತೈತಿ."

15 ಏಪ್ರಿಲ್, ಮಂಗಳವಾರ. 6.55, ತೋಟ

ರಜೆ ಹಾಕಿ ಬಂದೆ. ಒಂದನೇ ಸಾಲು ಆಗಲೇ ಇಳಿದಿದೆ. ಬೋಳು ಮರಗಳು, ಬುಡದಲ್ಲಿ ಹಸಿರು ಸುರುಳಿ. ಅತ್ತ ನೋಡಬಾರದು. ಐದನೇ ಸಾಲು ಮಾತ್ರ. ಇಲ್ಲಿ ಯಾವ ಗಂಟೂ ಇನ್ನೊಂದರ ಹಾಗಿಲ್ಲ! ಮನೆಯಲ್ಲಿ ಕೂತು ಎಂಥ ಸೋಮಾರಿ ಸಾಲು ಬರೆದಿದ್ದೆ.

9.10

ಮುಕ್ಕಾಲು ಆಯಿತು. ಅಳಿಸಿದ ಕಡೆ ಹಾಳೆ ಸವೆದಿದೆ, 4B ಪೆನ್ಸಿಲ್ ಕಲೆಕಲೆಯಾಗಿ ಹಿಡಿಯುತ್ತದೆ. HB ಚೂಪು ಮಾಡಿಕೊಂಡು ಒಂದೊಂದೇ ಗೆರೆ. ಒಂದೊಂದು ಸಾಲು ಇಳಿದಂತೆ ಬೆಳಕೂ ಬದಲಾಗುತ್ತಿದೆ, ನೆರಳು ನಂಬುವ ಹಾಗಿಲ್ಲ.

ಮುಜಾಫರ ಆರನೇ ಸಾಲಿನಲ್ಲಿ. "ಮೇಡಂ, ನಿಮ್ಮ ಪೆನ್ಸಿಲ್ ಮುಂದೋ, ನನ್ನ ಕುಡಗೋಲು ಮುಂದೋ?"

"ನೀವು ಸುಮ್ಕಿರ್ರಿ," ಎಂದಳು ಕೌಸರ, "ನಿಮ್ಮ ಕುಡಗೋಲಿಗೆ ಬಾಯಿಯಷ್ಟು ಹರಿತ ಇದ್ದಿದ್ರ ಎಂಟಕ್ಕ ಮುಗೀತಿತ್ತು."

9.55

ಮುಗಿಯಿತು! ಓರೆ ಇದ್ದದ್ದು ಓರೆ, ಸಡಿಲ ಇದ್ದದ್ದು ಸಡಿಲ. ಏನನ್ನೂ ತಿದ್ದಲಿಲ್ಲ. ಕೌಸರ ಐದನೇ ಸಾಲಿಗೆ ಕುಡಗೋಲು ಹಾಕಿದಳು.

ಧಾರವಾಡದವರು ಏನನ್ನುತ್ತಾರೋ. ಮೊದಲು ಇಲ್ಲಿ ಪಾಸಾಗಬೇಕು. ಚಿತ್ರ ಹೊರಸಿನ ಮೇಲಿದೆ. ಮುಮ್ತಾಜಬೇಗಂ ಸೆರಗಿನಿಂದ ಕನ್ನಡಕ ಒರೆಸುತ್ತಿದ್ದಾರೆ. ನನ್ನ ಕೈ ಸುಮ್ಮನಿರಲೊಲ್ಲದು, ಅದಕ್ಕೇ ಬರೆಯುತ್ತಿದ್ದೇನೆ. ಬೆರಳು ಸಾಲಿನ ಮೇಲೆ ಹೊರಟಿತು.

"ಕೌಸರ... ಕೌಸರ... ಇದು ನಂದು... ಮುಜಾಫರ..."

ನಿಂತಿತು. ಚಿತ್ರವನ್ನು ಮೂಗಿನ ಹತ್ತಿರ ಎತ್ತಿಕೊಂಡರು.

"ಏ ಕೌಸರ, ಬಾ ಇಲ್ಲೆ. ಇದ್ಯಾರು, ಜಡಿ ಹೆಣದಾರ?"

ಕೌಸರ ಕುಡಗೋಲು ಅಲ್ಲೇ ಬಿಟ್ಟು ಓಡಿ ಬರುತ್ತಿದ್ದಾಳೆ, ನಗುತ್ತ, ಎಡಗೈಯಿಂದ ನನ್ನನ್ನು ತೋರಿಸುತ್ತ.