ಕತ್ತರಿಸದ ಬೇಟೆಚೀಟಿ

ಅಕ್ಟೋಬರ್ ೨೭, ಭಾನುವಾರ

ಬಂದೂಕನ್ನು ಒರೆಸದೆ ಹಾಗೇ ಕಪಾಟಿಗೆ ತಳ್ಳಿದ್ದೇನೆ. ಮುಟ್ಟಲು ಮನಸ್ಸಿಲ್ಲ.

ಕಳೆದ ಚಳಿಗಾಲವಿಡೀ ಅದರ ಒಂದೊಂದು ಭಾಗವನ್ನೂ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಆರಿಸಿದವನು ನಾನೇ. ಕಾರ್ಬನ್ ನಾರು ಸುತ್ತಿದ ಸಪೂರ ನಳಿಗೆ, ಟೈಟಾನಿಯಂ ಬೋಲ್ಟ್, ಪೊಳ್ಳು ಹಿಡಿ. ನಳಿಗೆಗೆ ಆಸರೆಯಾಗುವ ಎರಡು ಕಾಲನ್ನೂ ಭಾರವೆಂದು ಬಿಟ್ಟೆ. ಜೋಡಿಸಿಕೊಟ್ಟ ಮಾವ ವರ್ಲಿನ್ ಆಗಲೇ ನಕ್ಕಿದ್ದರು: "ತೂಕ ಇಳಿಸ್ಬೇಕಂದ್ರೆ ನಿನ್ನ ಹೊಟ್ಟೆ ಇಳಿಸಪ್ಪ, ಬಂದೂಕನ್ಯಾಕೆ ಸೊರಗಿಸ್ತೀಯಾ? ನೀನು ಉಸಿರು ಬಿಟ್ರೂ ಅಲ್ಲಾಡತ್ತೆ ಇದು."

ಇಂದು ಬಿಟರ್‌ರೂಟ್ ಬೆಟ್ಟ ಹತ್ತಿ, ಏದುಸಿರು ಬಿಡುತ್ತಲೇ ಐನೂರು ಗಜದಾಚೆಯ ಎಲ್ಕ್ ಕಡವೆಗೆ ಗುಂಡು ಹೊಡೆದೆ. ಹಿಂಗಾಲಿಗೆ ತಗುಲಿತು. ಕುಂಟುತ್ತಾ ಕಾಡು ಸೇರಿತು. ಸಂಜೆಯವರೆಗೆ ಜೊತೆಗೆ ಬಂದಿದ್ದ ಮಾವ, ನಾನು ಇಬ್ಬರೂ ರಕ್ತದ ಜಾಡು ಹಿಡಿದು ಹುಡುಕಿದೆವು. ಹಿಮ ಬಿದ್ದು ಅದೂ ಅಳಿಸಿಹೋಯಿತು.

ಗಾಯ ಮಾಡಿ ಕಳೆದುಕೊಂಡದ್ದೂ ಕೊಂದ ಹಾಗೇ; ವರ್ಷಕ್ಕೊಂದೇ ಪ್ರಾಣಿಗೆ ಸಿಗುವ ಬೇಟೆಚೀಟಿಯಲ್ಲಿ ಆ ದಿನದ ತಾರೀಖು ಕತ್ತರಿಸಿ ಆ ವರ್ಷದ ಬೇಟೆ ಮುಗಿಸಬೇಕು. ಕಾನೂನು ಕೇಳುವುದಿಲ್ಲ, ಮಾವನ ಮನೆಯ ರೂಢಿ ಕೇಳುತ್ತದೆ.

ಗಾಡಿಯ ಬಳಿ ಬಂದಾಗ ನಾನು ಹೇಳಿದೆ: "ಬರೀ ತರಚಿರ್ಬೇಕು ಮಾವ. ಬದುಕ್ಕೊಳತ್ತೆ."

ಅವರು ನನ್ನ ಮುಖ ನೋಡಲಿಲ್ಲ. ಜೇಬಿನಿಂದ ತಮ್ಮ ಚೀಟಿ ತೆಗೆದು, ಇಂದಿನ ತಾರೀಖನ್ನು ಚಾಕುವಿನಿಂದ ಕತ್ತರಿಸಿದರು.

"ನೀವ್ಯಾಕೆ ಮಾವ?"

"ಬಂದೂಕು ಮಾಡ್ಕೊಟ್ಟೋನು ನಾನಲ್ವಾ."

ಅವರಿಗೆ ಎಪ್ಪತ್ತೆಂಟು. ಇನ್ನೆಷ್ಟು ಬೇಟೆ ಉಳಿದಿದ್ದಾವು? ನನ್ನ ಚೀಟಿ ಇಲ್ಲೇ ಮೇಜಿನ ಮೇಲೆ ಇಡಿಯಾಗಿದೆ. ಪಕ್ಕದಲ್ಲೇ ಚಾಕು. ಈಗ ಕತ್ತರಿಸಿದರೆ ಅದು ಯಾರ ಕಣ್ಣಿಗೆ ಬೀಳಲೆಂದು?