ಜೀಪಿನ ಹೆಗಲು

ಗಿರಿಜಾಳ ಅಪ್ಪನವರೇ,

ಬದುಕಿದ್ದಾಗ ನಿಮ್ಮ ಹೆಸರು ಹಿಡಿದು ಕರೆಯಲಿಲ್ಲ, ಈಗಲೂ ಕರೆಯುವುದಿಲ್ಲ. ಜಗಳಕ್ಕೆ ಹೆಸರೇನೂ ಬೇಕಾಗಿಲ್ಲ. ನೀವು ಕಾಮಾಲೆಯಾಗಿ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ, ಸತ್ತವರ ಮೇಲೆ ಸಿಟ್ಟು ಮಾಡಬಾರದು ಅನ್ನುತ್ತಾರೆ. ಅನ್ನಲಿ. ಇದ್ದಾಗ ಮಾಡಲು ಬಿಟ್ಟಿರಾ? ನಾನು ಸಿಟ್ಟಿನಿಂದ ಒಂದು ಮಾತು ಎತ್ತಿದರೆ ಸಾಕು, ನೀವು ನಟ್ಟು ತಿರುವುವ ಪಾನಾ ಹಿಡಿದು ಜೀಪಿನ ಕೆಳಗೆ ನುಸುಳುತ್ತಿದ್ದಿರಿ. ಈಗೆಲ್ಲಿ ನುಸುಳುತ್ತೀರಿ?

ಬೆಳಗಾವಿಯ ಮಿಲಿಟರಿ ಲಿಲಾವಿನಲ್ಲಿ ಸವಾಲು ಕೂಗಿ ಆ ಜೀಪು ಹಿಡಿದು ಹಂಸಭಾವಿಗೆ ತಂದ ದಿನ ನೆನಪಿದೆಯೇ? ಬಣ್ಣ ಎದ್ದಿತ್ತು, ಸೈಲೆನ್ಸರ್ ತೂತಾಗಿತ್ತು, ಅರ್ಧ ಊರು ಅದರ ಹಿಂದೆ ಓಡಿ ಬಂದಿತ್ತು. ಅಲ್ಲಿಯವರೆಗೆ ನಮ್ಮ ಹಿತ್ತಾಳೆ, ತಾಮ್ರದ ಪಾತ್ರೆಗಳ ವ್ಯಾಪಾರವೆಲ್ಲ ಚಕ್ಕಡಿಯ ಮೇಲೆ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಅಂತ ಸಂತೆ ಸುತ್ತಿ ನೀವು ಮನೆಗೆ ಬರುವ ಹೊತ್ತಿಗೆ ಗಿರಿಜಾ ನಿಮ್ಮ ಮುಖ ಮರೆತು ಅಳುತ್ತಿದ್ದಳು. ಅವತ್ತು ನಾನೇ ಕೇಳಿದೆ, "ಇನ್ನ ನಾವೂ ನಿಮ್ಮ ಕೂಡ ಬರ್ತೇವ್ರಿ." ನೀವು ನಕ್ಕು, "ಬರೂದಾದ್ರ ಮನೀನ ಕಟ್ಟಿಕೊಂಡು ಹೋಗೂಣು" ಅಂದಿರಿ. ಬರೀ ಮಾತು ಅಂದುಕೊಂಡಿದ್ದೆ.

ಕಟ್ಟಿದಿರಲ್ಲ! ಮೋಡಕಾ ಅಂಗಡಿಯ ಗುಜರಿ ಸಾಮಾನಿನಲ್ಲಿ ಸಿಕ್ಕ ಎರಡು ಗಾಲಿ, ಸಾಗವಾನಿ ಚೌಕಟ್ಟು, ತಗಡಿನ ಮಾಡು, ಹಿಂದೆ ಬಾಗಿಲು. ಒಳಗೆ ಪಾತ್ರೆಗೆ ಗೂಡು, ಸ್ಟೋಗೆ ಮೂಲೆ, ಮುಂದೆ ಕೂಡಲು ಹಲಗೆ, ರಾತ್ರಿ ಹಾಸಿದರೆ ಮೂವರು ಮಲಗುವಷ್ಟು ಜಾಗ. ಜೀಪಿನ ಬೆನ್ನಿಗೆ ಕೊಂಡಿ ಬೆಸುಗೆ ಹಾಕಿಸಿ ಅದನ್ನು ಸಿಕ್ಕಿಸಿದಾಗ ಓಣಿಯವರು ತಗಡಿನ ಮನೆ ಅಂತ ಹೆಸರಿಟ್ಟರು. ನನಗೆ ಮಾತ್ರ ಅದು ಅರಮನೆ. ಮದುವೆಯಾಗಿ ಬಂದ ಮೇಲೆ ಹಂಸಭಾವಿಯ ಅಗಸೆಬಾಗಿಲು ದಾಟಿ ನಾನು ನೋಡಿದ್ದು ತವರುಮನೆಯ ದಾರಿ ಒಂದನ್ನೇ.

ಮೊದಲ ಪ್ರಯಾಣಕ್ಕೆ ಸಾಮಾನು ತುಂಬುವಾಗ ನಾನು ದೊಡ್ಡ ಹಂಡೆಗಳನ್ನು ಮುಂದೆ ಜೋಡಿಸುತ್ತಿದ್ದೆ. ನೀವು ಬಂದು ಎಲ್ಲವನ್ನೂ ಎತ್ತಿಸಿದಿರಿ.

"ಭಾರ ಎಲ್ಲಾ ಹಿಂದ ಹಾಕು. ಎತ್ತಿನ ಹೆಗಲಿಗೆ ಒಜ್ಜಿ ಬೀಳಬಾರ್ದು."

"ಎತ್ತೆಲ್ಲಿ ಐತ್ರಿ? ಜೀಪ ಐತಿ!"

"ಎಳಿಯೂದು ಯಾವುದಾದ್ರೇನು, ಹೆಗಲ ಹಗುರ ಇರಬೇಕು."

ಚಕ್ಕಡಿ ಹೂಡಿ ಬೆಳೆದ ಕೈ ನಿಮ್ಮದು. ಎತ್ತಿನ ಹೆಗಲು ಕೆಂಪಾದರೆ ಊಟ ಬಿಡುತ್ತಿದ್ದವರು. ಹಂಡೆ, ಕೊಡ, ಪರಾತ ಎಲ್ಲ ಬಾಗಿಲ ಹತ್ತಿರ ಹೋದವು. ನಾನು ಮಗಳನ್ನು ಕಟ್ಟಿಕೊಂಡು ಗಾಡಿಯೊಳಗೆ ಮುಂದಿನ ಹಲಗೆಯ ಮೇಲೆ ಕೂತೆ.

ಶಿಗ್ಗಾಂವಿ ದಾಟಿ ಸವಣೂರಿನ ಕಡೆಗೆ ಇಳಿಜಾರು ಬಂತಲ್ಲ, ಅಲ್ಲಿ ಗಾಡಿ ಜೋಲಿ ಹೊಡೆಯಲು ಶುರುವಾಯಿತು. ಬಾಲ ಆ ಕಡೆಗೊಮ್ಮೆ, ಈ ಕಡೆಗೊಮ್ಮೆ. ನೀವು ಬ್ರೇಕು ಒತ್ತಿದಿರಿ, ಅದು ಇನ್ನೂ ಜೋರಾಯಿತು, ಆಮೇಲೆ ನಾವು ಗಟಾರದಲ್ಲಿದ್ದೆವು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ, ಹಂಡೆಗಳು ನಜ್ಜುಗುಜ್ಜಾದವು ಅಷ್ಟೆ. ಮನೆಗೆ ಬಂದಾಗ ನಿಮ್ಮ ಅವ್ವ ಬಾಗಿಲಲ್ಲೇ ನಿಂತು ಅಂದರು, "ಹೊಸಾ ಗಾಡಿಯೊಳಗ ಮೊದಲ ಇಕಿ ಕಾಲ ಇಡಿಸಿದಿ. ಇಕಿ ಕಾಲ್ಗುಣ ನನಗ ಗೊತ್ತಿರಲಿಲ್ಲೇನು?" ಓಣಿಯ ಹೆಂಗಸರೆಲ್ಲ ಕೇಳುವ ಹಾಗೆ. ನಾನು ನಿಮ್ಮ ಮುಖ ನೋಡಿದೆ. ನೀವು ರೇಡಿಯೇಟರಿಗೆ ಮೆತ್ತಿದ ಕೆಸರು ಕೆರೆಯುತ್ತಿದ್ದಿರಿ. ಒಂದೇ ಒಂದು ಮಾತು... ಬೇಡ, ಒಂದು ಕೆಮ್ಮಾದರೂ ಕೆಮ್ಮಬಾರದಿತ್ತೇ?

ಮುಂದಿನ ಸಂತೆಗೆ ನನ್ನನ್ನು ಇಳಿಸಿ ಹೋದಿರಿ. ಅದರ ಮುಂದಿನದಕ್ಕೂ. ಆಮೇಲೆ ಕೇಳುವುದನ್ನೇ ಬಿಟ್ಟೆ. ಮನೆಯಲ್ಲಿ ಮಜ್ಜಿಗೆ ಕೆಟ್ಟರೂ, ಎಮ್ಮೆ ಒದ್ದರೂ, ನಾದಿನಿಯ ಸಂಬಂಧ ಮುರಿದರೂ ಎಲ್ಲ ನನ್ನ ಕಾಲಿನದೇ ತಪ್ಪು. ಗಿರಿಜಾ ಬುದ್ಧಿ ತಿಳಿದ ಮೇಲೆ ಒಮ್ಮೆ ಕೇಳಿದಳು, "ಅವ್ವಾ, ನಿನ್ನ ಕಾಲಿಗೆ ಏನಾಗೈತಿ?" ಅವಳಿಗೆ ನಾನು ಏನು ಹೇಳಬೇಕಿತ್ತು?

ನೀವೋ, ಆ ಹಳೆಯ ಜೀಪಿನ ಸೇವೆಯಲ್ಲಿ ಮುಳುಗಿದಿರಿ. ಜೋಲಿ ನಿಲ್ಲಲಿ ಅಂತ ಸ್ಪ್ರಿಂಗಿಗೆ ಪಟ್ಟಿ ಏರಿಸಿದಿರಿ, ಕೊಂಡಿ ಬದಲಿಸಿದಿರಿ, ಹುಬ್ಬಳ್ಳಿಯಿಂದ ದಪ್ಪನೆಯ ಟಾಯರು ತರಿಸಿದಿರಿ. ಬ್ರೇಕು ಬಿಚ್ಚಿದಿರಿ, ಕ್ಲಚ್ಚು ಹಾಕಿಸಿದಿರಿ, ಏರಿನಲ್ಲಿ ಕುದಿಯುತ್ತದೆಂದು ದೊಡ್ಡ ರೇಡಿಯೇಟರು ಕೂಡಿಸಿದಿರಿ. ಜೀಪು ಮದುಮಗನ ಹಾಗಾಯಿತು, ಜೋಲಿ ನಿಲ್ಲಲಿಲ್ಲ. ಒಮ್ಮೆ ಉಣ್ಣುತ್ತ ನೀವೇ ಗೊಣಗಿದಿರಿ, "ಮೊದಲಿಗಿಂತ ಈಗ ಹೆಚ್ಚಿಗಿ ಹೊಯ್ದಾಡಾಕತ್ತೈತಿ." ನಾನು ಇಳಿದ ಮೇಲೆ ಹೆಚ್ಚಾಯಿತು ಅಂದರೆ ಕಾಲ್ಗುಣ ಯಾರದು? ಆ ಲೆಕ್ಕ ಯಾಕೆ ಯಾರಿಗೂ ಹೊಳೆಯಲಿಲ್ಲ? ರೊಟ್ಟಿ ಬಡಿಯುತ್ತ ಕೂತಿದ್ದ ನನಗೂ ಆವಾಗ ಹೊಳೆಯಲಿಲ್ಲ, ಅದಕ್ಕೇ ನನ್ನ ಹೊಟ್ಟೆ ಇಷ್ಟು ಉರಿಯುವುದು.

ಹಾಸಿಗೆ ಹಿಡಿದಾಗ ನೀವು ನಿಮ್ಮ ತಮ್ಮನನ್ನು ಕರೆದು, "ಚನ್ನಪ್ಪಾ, ಆ ತಗಡಿನ ಮನಿ ಮಾರಿಬಿಡು, ಯಾರ ಜೀವಾನರ ತಗೊಂಡೀತು" ಅಂದಿರಿ. ಮೊನ್ನೆ ಸವಣೂರಿನ ಕುರುಕಲು ಖಾರದ ಅಂಗಡಿಯವರೊಬ್ಬರು ಕೊಳ್ಳಲು ಒಪ್ಪಿದರು. ಗಾಲಿ ಬಿಚ್ಚಿ ಅದನ್ನೇ ಅಂಗಡಿ ಮಾಡುತ್ತಾರಂತೆ. ಉಳಿದ ಪಾತ್ರೆಗಳನ್ನು ಅಲ್ಲಿಯ ಸಂತೆಯಲ್ಲೇ ತೀರಿಸಿ ಗಾಡಿ ಒಪ್ಪಿಸಿ ಬರುವುದೆಂದು ಚನ್ನಪ್ಪ ಹೊರಟ. ನಾನು ಹತ್ತಿ ಕೂತೆ. ಅತ್ತೆಯವರು ಎದೆ ಬಡಿದುಕೊಂಡರು. "ಮಾರೂ ಗಾಡಿ ಐತ್ರಿ, ಹ್ವಾದ್ರ ಹೋಗ್ಲಿ" ಅಂದೆ. ಮಗುಚಿದರೆ ಹಾರಿಕೊಳ್ಳಲು ಬಾಗಿಲಿಗೆ ದಾರಿ ಖಾಲಿ ಇರಲಿ ಅಂತ ಹಂಡೆಗಳನ್ನೆಲ್ಲ ಮುಂದೆ, ನನ್ನ ಕಾಲ ಬುಡಕ್ಕೆ ಎಳೆದುಕೊಂಡೆ. ಧೈರ್ಯವೇನಲ್ಲ, ಪುಕ್ಕಲುತನ.

ಅದೇ ಇಳಿಜಾರು ಬಂತು. ನಾನು ಕಣ್ಣು ಮುಚ್ಚಿ ಹಲಗೆ ಹಿಡಿದೆ. ಇಳಿಜಾರು ಮುಗಿದಲ್ಲಿ ಜೀಪು ನಿಂತಿತು. ಚನ್ನಪ್ಪ ಇಳಿದು ಓಡಿ ಬಂದ.

"ವೈನೀ, ಗಾಡಿ ಐತೇನು?"

"ನಾ ಎಲ್ಲಿ ಕುಂತೇನಿ ಹಂಗಾರ?"

"ಜಗ್ಗಲಿಲ್ಲ, ಅಳ್ಳಾಡಲಿಲ್ಲ. ಕೊಂಡಿ ಕಳಚಿ ಹಿಂದ ಉಳೀತೋ ಏನೋ ಅಂತ ಬಂದ್ನಿ!"

ಸವಣೂರು ಮುಟ್ಟುವವರೆಗೆ ಗಾಡಿ ನೂಲು ಹಿಡಿದ ಹಾಗೆ ಬಂತು. ಅಲ್ಲಿ ನಾನು ಮಾರುವುದಿಲ್ಲ ಅಂದೆ. "ಮಾತ ಕೊಟ್ಟೇವಿ ವೈನಿ" ಅಂತ ಅವನು ಮುಖ ಊದಿಸಿದ. "ನಾ ಯಾರಿಗೂ ಕೊಟ್ಟಿಲ್ಲ. ಮೊದಲ ಈ ಹಂಡೆ ಹಿಂದ ಹಾಕಿ ಒಂದ್ ಸಲ ಓಡಿಸು" ಅಂದೆ. ಊರ ಹೊರಗೆ ಎಲೆಬಳ್ಳಿ ತೋಟದ ಪಕ್ಕ ಸ್ವಲ್ಪ ದೂರ ಓಡಿಸುವಷ್ಟರಲ್ಲಿ ಬಾಲ ಕುಣಿಯಿತು, ಅವನ ಮುಖ ಬಿಳಿಚಿಕೊಂಡಿತು. ಹಂಡೆ ಮುಂದೆ ತಂದೆವು, ನೆಟ್ಟಗಾಯಿತು. ಇಷ್ಟೇ. ಇಷ್ಟೇ ಆಗಿತ್ತು! ಜೀಪಿಗೆ ಹೆಗಲ ಮೇಲೆ ಭಾರ ಬೇಕಾಗಿತ್ತು. ಕೊಂಡಿ ಹಗುರಾದಷ್ಟೂ ಬಾಲ ಕುಣಿಯುತ್ತಿತ್ತು. ಮೊದಲ ದಿನ ಮುಂದೆ ಇದ್ದ ಭಾರವೆಂದರೆ ನಾನು ಮತ್ತು ಗಿರಿಜಾ. ನಮ್ಮನ್ನೇ ಇಳಿಸಿದಿರಿ. ಕಬ್ಬಿಣದ ಹೆಗಲಿಗೆ ಅಷ್ಟು ಕನಿಕರಪಟ್ಟವರು, ನನ್ನ ಹೆಗಲ ಮೇಲೆ ಊರ ಮಾತೆಲ್ಲ ಹೇರಿದಾಗ ಎಲ್ಲಿ ಹೋಗಿದ್ದಿರಿ?

ಖಾರದವರಿಗೆ ಕೈ ಮುಗಿದು ಬಂದೆವು. ಅವರು ಬೈಯಲಿಲ್ಲ, ಒಂದು ಪೊಟ್ಟಣ ಖಾರ ಕಟ್ಟಿಕೊಟ್ಟರು. ಇನ್ನು ಮೇಲೆ ಸಂತೆಗೆ ನಾನೇ ಹೋಗುತ್ತೇನೆ, ಜೀಪು ಚನ್ನಪ್ಪನದು, ವ್ಯಾಪಾರ ನನ್ನದು. ನಾಡಿದ್ದು ಹಾನಗಲ್ಲ.

ನಿಮಗೆ ಹೇಳಬೇಕೆಂದು ಕೂತದ್ದು ಇದಲ್ಲ. ನಿನ್ನೆ ಚನ್ನಪ್ಪ ಕಟ್ಟೆಯ ಮೇಲೆ ತಂಬಿಗೆ, ಚರಿಗೆಯನ್ನೇ ಜೀಪು, ಗಾಡಿ ಮಾಡಿ ಇಟ್ಟು ಅತ್ತೆಯವರಿಗೆ ಎಲ್ಲ ತೋರಿಸಿದ. ಅವರು ಚರಿಗೆಯನ್ನು ತಾವೇ ಹಿಂದೆ ಮುಂದೆ ಸರಿಸಿ ನೋಡಿದರು. ಆಮೇಲೆ ಓಣಿಯ ಹೆಂಗಸರನ್ನು ಅವರೇ ಕೂಗಿ ಕರೆದು, ಎಲ್ಲರ ಮುಂದೆ ಅಂದರು, "ತಪ್ಪು ನನ್ನ ಮಗಂದು. ಸುಳ್ಳ ಸುಳ್ಳ ಈ ಹುಡುಗಿ ಮ್ಯಾಲೆ ಹಾಕಿದ್ವಿ." ಆ ಮಾತಿಗಾಗಿ ನಾನು ಎಷ್ಟು ವರ್ಷ ಕಾದಿದ್ದೆ! ಕೇಳಿ ತಣ್ಣಗಿರಬೇಕೋ ಬೇಡವೋ? ನನ್ನ ಬಾಯಿಂದ ಏನು ಬಂತು ಗೊತ್ತೇ?

"ಅವರದೇನ್ ತಪ್ಪಿಲ್ರಿ ಅತ್ತಿ. ಎತ್ತಿನ ಮ್ಯಾಲಿನ ಜೀವ ಅವರದು, ಜೀಪಿಗೂ ಹಂಗ ಅಂತ ತಿಳಕೊಂಡ್ರು. ಅವರಿಗೇನೂ ಅನಬ್ಯಾಡ್ರಿ."

ಅಂದುಬಿಟ್ಟೆ. ಯೋಚನೆ ಮಾಡಲಿಲ್ಲ, ಯಾರೂ ಹೇಳಿಕೊಡಲಿಲ್ಲ, ಅಷ್ಟು ಜನರ ಮುಂದೆ ನಾಚಿಕೆಯೂ ಆಗಲಿಲ್ಲ. ಅವತ್ತು ಬಾಗಿಲಲ್ಲಿ ನಿಂತು ನೀವು ನನಗಾಗಿ ಆಡಬೇಕಿದ್ದ ಮಾತೂ ಇಷ್ಟೇ ಉದ್ದದ್ದು. ಹೇಳಿ, ಅಷ್ಟೊಂದು ಭಾರವಿತ್ತೇ ಅದು?

ನಿಮ್ಮ ಗಿರಿಜಾಳ ಅವ್ವ