ಎಲೆಅಡಿಕೆ ಚೀಲದ ತೂಕ

ಏಪ್ರಿಲ್ 7, ಸೋಮವಾರ. ಮಧ್ಯಾಹ್ನ 1.40

ಕಪ್ಪು ಗುಂಡು 47.2 ಡಿಗ್ರಿ. ಒದ್ದೆ ಬತ್ತಿ ಸುತ್ತಿದ ಥರ್ಮಾಮೀಟರು 25.4. ಗಾಳಿ 35.6. ಮೂರನ್ನೂ ಸೂತ್ರಕ್ಕೆ ಹಾಕಿದರೆ 30.8. ಅಳೆದದ್ದು ನಾನೇ, 12.30ಕ್ಕೆ, ದಂಡಿಗನಹಳ್ಳಿ ಹತ್ತಿರದ ತೆಂಗಿನ ನಾರಿನ ಫ್ಯಾಕ್ಟರಿಯ ಅಂಗಳದಲ್ಲಿ. ಇದು ಆರನೇ ದಿನ.

ಬೆಳಗಿನ ಪೇಪರಿನಲ್ಲಿ ಹಾಸನ 35 ಎಂದಿತ್ತು. ಅದು ನೆರಳಿನ ಲೆಕ್ಕ. ಬಿಸಿಲಲ್ಲಿ ನಿಂತ ಮೈಗೆ ಎಷ್ಟು ತಾಗುತ್ತದೆ ಎಂಬುದು ನಮ್ಮ ಪ್ರಾಜೆಕ್ಟಿನ ಪ್ರಶ್ನೆ. ಅದಕ್ಕೇ ಸ್ಟ್ಯಾಂಡಿನ ಮೇಲೆ ಆ ಕಪ್ಪು ಗುಂಡು. ಪುಟ್ಟತಾಯಮ್ಮ ಮೊದಲ ದಿನ ಅದರ ಸುತ್ತ ಒಂದು ಸುತ್ತು ಬಂದು, “ಹೊತ್ತಿದ ಮುದ್ದೆ ಇದ್ದಂಗದಲ್ಲವ್ವ” ಅಂದಿದ್ದಳು. ಈಗ ಎಲ್ಲರೂ ಅದನ್ನು ಮುದ್ದೆ ಎಂದೇ ಕರೆಯುವುದು.

ಎಂಟು ಹೆಂಗಸರು ಹಸಿ ನಾರು ಹರವಿ, ತಿರುವಿ ಹಾಕಿ, ಒಣಗಿದ್ದನ್ನು ಬಳಿದು ರಾಶಿ ಮಾಡುತ್ತಾರೆ. ಬೆಳಿಗ್ಗೆ ಎಂಟಕ್ಕೊಮ್ಮೆ, ಒಂದಕ್ಕೊಮ್ಮೆ ತೂಕ. ಕುಡಿದ ನೀರನ್ನು ಲೆಕ್ಕಕ್ಕೆ ಹಿಡಿದರೆ ಉಳಿದ ವ್ಯತ್ಯಾಸ ಬೆವರು. ನೂರಕ್ಕೆ ಎರಡರಷ್ಟು ತೂಕ ಇಳಿದರೆ ಅವತ್ತು ಮಧ್ಯಾಹ್ನದ ಕೆಲಸ ಇಲ್ಲ. ನಿಯಮ.

“ತೂಕ ಆಕಾಕೆ ನಾವೇನು ಕೊಬ್ರಿಯಾ ಮೇಡಮ್ಮಾರೆ?” — ಸುವರ್ಣಮ್ಮ. ದಿನಾ ಇದೇ ಮಾತು, ದಿನಾ ನಗು.

ಸುವರ್ಣಮ್ಮ 0.9 ಕೆಜಿ ಇಳಿದಿದ್ದಾಳೆ. ಉಳಿದವರೂ ಹಾಗೇ, 0.7ರಿಂದ 1.0. ಪುಟ್ಟತಾಯಮ್ಮ ಮಾತ್ರ 0.1. ವಯಸ್ಸು 56.

ಏಪ್ರಿಲ್ 8. ಸಂಜೆ

ಹಾಸನದಿಂದ ಸಂಪತ್ಕುಮಾರ ಸರ್ ಫೋನ್. ಪ್ರಾಜೆಕ್ಟ್ ಅವರದು. “ಪುಟ್ಟತಾಯಮ್ಮನ ಡೇಟಾ ಬಹಳ ಚೆನ್ನಾಗಿದೆ ಗಂಗಾಂಬಿಕೆ. ದೇಹ ಬಿಸಿಲಿಗೆ ಒಗ್ಗಿಹೋಗಿದೆ. 22ನೇ ತಾರೀಕಿನ ಸಭೆಯಲ್ಲಿ ಇದನ್ನೇ ತೋರಿಸೋಣ.” ಆ ಸಭೆಗೆ ಫ್ಯಾಕ್ಟರಿ ಮಾಲೀಕರೆಲ್ಲ ಬರುತ್ತಾರೆ. 12ರಿಂದ 3ರವರೆಗೆ ಅಂಗಳದ ಕೆಲಸ ನಿಲ್ಲಿಸಬೇಕೋ ಬೇಡವೋ — ತೀರ್ಮಾನ ಅಲ್ಲೇ.

ನಮ್ಮ ಕೈಪಿಡಿಯಲ್ಲಿ ಬೇರೆ ಇದೆ. ಒಗ್ಗಿದ ಮೈ ಹೆಚ್ಚು ಬೆವರುತ್ತದೆ, ಕಡಿಮೆ ಅಲ್ಲ. ಸರ್‌ಗೆ ಹೇಳಬೇಕಿತ್ತು. ಹೇಳಲಿಲ್ಲ.

ಇನ್ನೊಂದು. ಮೇಸ್ತ್ರಿ ದೇವರಾಜ್ ಮಧ್ಯಾಹ್ನ ಕೇಳಿದ, “ಇವರಲ್ಲಿ ಯಾರು ಮೇಡಂ ಗಟ್ಟಿ?” ಪುಟ್ಟತಾಯಮ್ಮ ಅಂದುಬಿಟ್ಟೆ. ಯಾರ ವಿವರವನ್ನೂ ಮೇಸ್ತ್ರಿಗೆ ಕೊಡಕೂಡದು ಎಂದು ಹೆಂಗಸರ ಒಪ್ಪಿಗೆ ಫಾರಮ್ಮಿನ ಮೊದಲ ಸಾಲಲ್ಲೇ ಇದೆ.

ಏಪ್ರಿಲ್ 11, ಶುಕ್ರವಾರ. 1.30

ದೇವರಾಜ್ ಪುಟ್ಟತಾಯಮ್ಮನನ್ನು ಅಂಗಳದ ನಡುವಿಗೆ ಹಾಕಿದ್ದಾನೆ. ಅಲ್ಲಿ ಗೋಡೆಯ ನೆರಳೂ ಬರುವುದಿಲ್ಲ.

ಕಿವಿಯ ತಾಪ 38.3. ನಾಡಿ 132. ಬೇರೆಯವರದು 37.7 ಮೀರಿಲ್ಲ. ತೂಕ ಮಾತ್ರ ಇಳಿದೇ ಇಲ್ಲ. ಸೊನ್ನೆ. ಎರಡು ಯಂತ್ರ, ಎರಡು ಮಾತು.

ತಕ್ಕಡಿಯ ಮೇಲೆ ಐದು ಕೆಜಿ ಅಕ್ಕಿ ಚೀಲ ಇಟ್ಟು ನೋಡಿದೆ. ಸರಿ ಇದೆ. ಥರ್ಮಾಮೀಟರನ್ನು ನನ್ನ ಕಿವಿಗೇ ಹಿಡಿದೆ. 36.9. ಅದೂ ಸರಿ.

“ತಲೆ ಸುತ್ತುತ್ತಾ?”

“ಇಲ್ಲ ಕಣವ್ವ. ನಾನು ಕಲ್ಲಿದ್ದಂಗಿವ್ನಿ.”

ಸುವರ್ಣಮ್ಮ ಅತ್ತ ಮುಖ ತಿರುಗಿಸಿ ಕೆಮ್ಮಿದಳು. ಕೆಮ್ಮೋ, ನಗುವೋ.

38.5ಕ್ಕೆ ನಿಲ್ಲಿಸಬೇಕು. 38.3 ಇದೆ. ನಿಲ್ಲಿಸಲಿಲ್ಲ.

ಏಪ್ರಿಲ್ 16, ಬುಧವಾರ

ನಿನ್ನೆ 12.50ಕ್ಕೆ ಪುಟ್ಟತಾಯಮ್ಮ ಬಿದ್ದಳು. ನೋಡಿ ಕೂಗಿದ್ದು ಸುವರ್ಣಮ್ಮ. ನಾನು ಆಗ ಮುದ್ದೆಯ ಅಂಕಿ ಬರೆದುಕೊಳ್ಳುತ್ತಿದ್ದೆ. 49.1.

ಚರ್ಮ ಒಣಗಿತ್ತು. ಕಿವಿ 40.4. ಕೊಡಗಟ್ಟಲೆ ನೀರು ಸುರಿದೆವು. ಗೋಣಿ ನೆನೆಸಿ ಹೊದಿಸಿ, ದೇವರಾಜನ ಲಗೇಜ್ ಆಟೋದಲ್ಲಿ ಚನ್ನರಾಯಪಟ್ಟಣಕ್ಕೆ. ದಾರಿಯಲ್ಲಿ ನನ್ನನ್ನು ಯಾರೋ ಎಂದುಕೊಂಡು, “ಎಮ್ಮೆ ನೆರಳಿಗೆ ಕಟ್ಟು” ಅಂತಿದ್ದಳು. ಎಮ್ಮೆ ಮಾರಿ ನಾಲ್ಕು ವರ್ಷ ಆಯಿತಂತೆ.

ಆಸ್ಪತ್ರೆಯಲ್ಲಿ ಸೀರೆ ಸಡಿಲಿಸಿದ ನರ್ಸ್, ಸೊಂಟದಲ್ಲಿದ್ದ ಎಲೆಅಡಿಕೆ ಚೀಲ ನನ್ನ ಕೈಗೆ ಕೊಟ್ಟರು. ಕೈ ಜಗ್ಗಿತು.

ಆ ಚೀಲ ನನಗೆ ಗೊತ್ತಿರುವುದೇ. ಮೊದಲ ದಿನ ತೆಗೆದಿಟ್ಟು ನಿಲ್ಲಿ ಅಂದಿದ್ದೆ. “ಎಲೆಅಡಿಕೆ ಚೀಲ ಇನ್ನೊಬ್ಬರ ಕೈಗೆ ಕೊಡೋಳಲ್ಲ ಬುಡವ್ವ” ಅಂದಳು. ಎರಡು ಸಲವೂ ಸೊಂಟದಲ್ಲೇ ಇರುತ್ತದೆ, ವ್ಯತ್ಯಾಸದಲ್ಲಿ ವಜಾ ಆಗುತ್ತದೆ ಎಂದು ನಾನೇ ಲೆಕ್ಕ ಹಾಕಿ ಬಿಟ್ಟುಕೊಟ್ಟೆ. ಬುದ್ಧಿವಂತಿಕೆ.

ಒಳಗೆ ಬಾಡಿದ ಎರಡು ಎಲೆ, ಅಡಿಕೆ ಹೋಳು, ಸುಣ್ಣದ ಡಬ್ಬಿ. ಮತ್ತೆ ಏಳು ಕಲ್ಲು.

ಸುವರ್ಣಮ್ಮನನ್ನು ಕೇಳಿದೆ. ಗೊತ್ತಿತ್ತಾ?

“ಎಲ್ಲರ್ಗೂ ಗೊತ್ತಿತ್ತು ಮೇಡಮ್ಮಾರೆ, ನಿಮಗೊಬ್ರಿಗೆ ಬುಟ್ಟು.”

ಏಪ್ರಿಲ್ 19, ಶನಿವಾರ. ವಾರ್ಡಿನಿಂದ ಬಂದ ಮೇಲೆ

ಎದ್ದು ಕೂತಿದ್ದಾಳೆ. ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿದೆ ಎಂದು ಡಾಕ್ಟರು ಹೇಳಿದರು. ಎಷ್ಟು ಎಂಬುದು ಮುಂದಿನ ಗುರುವಾರದ ರಕ್ತ ಪರೀಕ್ಷೆಯ ನಂತರ.

ನನ್ನನ್ನು ನೋಡಿದ ಕೂಡಲೇ, “ನನ್ನ ಚೀಲ ಎಲ್ಲವ್ವ?”

“ನನ್ನ ಹತ್ರ ಇದೆ.”

“ಕಲ್ಲು ಎಸೆದ್ಬುಟ್ಯಾ?”

“ಇಲ್ಲ.”

“ಬೈಬ್ಯಾಡ ಕಣವ್ವ. ನೀನೇ ಓದ್ದೆ ಮೊದ್ಲ ದಿನ, ತೂಕ ಇಳಿದೋರ್ನ ಮಧ್ಯಾನ ಬುಡಾಕಿಲ್ಲ ಅಂತ. ಅರ್ಧ ದಿನ ಮನೇಗೆ ಕಳಿಸಿದ್ರೆ ಆಮೇಲೆ ಕರೆಯಾಕೇ ಇಲ್ಲ ಮೇಸ್ತ್ರಿ. ವಯಸ್ಸಾಗೋಯ್ತು ಅಂತಾನೆ.”

“ಏಳೇ ಯಾಕೆ?”

“ಏಳು ಸಲ ಆಯ್ತಲ್ಲ.”

“ಏನು ಏಳು ಸಲ?”

“ತಲೆ ಗಿರ್ ಅನ್ನೋದು. ಒಂದೊಂದು ಸಲ ಗಿರ್ ಅಂದಾಗ್ಲೂ ಇಷ್ಟು ಇಳಿದಿರ್ತೀನಿ ಅಂತ ಒಂದೊಂದು ಆಕ್ಕೋತಿದ್ದೆ. ಮೊದ್ಲ ದಿನ ಎಲ್ಡೇ. ಆಮೇಲೊಂದಿನ ನಾಕು. ನೀನು ಕಿವೀಗೆ ಇಟ್ಟಿ ನಾಡಿ ನೋಡಿದ್ಯಲ್ಲ, ಅವತ್ತು ಐದು. ಸರ್ಯಾಗೇ ಇತ್ತು ತಾನೆ ಲೆಕ್ಕ?”

ಸರಿಯಾಗೇ ಇತ್ತು ಅಂದೆ.

“ಮತ್ತೆ!” ಅಂದು ನಕ್ಕಳು. ಆಮೇಲೆ, “ಮುದ್ದೆ ಏನಂತದೆ?” ಅಂತ ವಿಚಾರಿಸಿದಳು. ಬಂಧುಗಳನ್ನು ವಿಚಾರಿಸುವ ಹಾಗೆ.

ಏಪ್ರಿಲ್ 20. ಭಾನುವಾರ

ಮನೆಯ ತಕ್ಕಡಿಯಲ್ಲಿ ಏಳೂ ಕಲ್ಲು ತೂಗಿದೆ. 930 ಗ್ರಾಂ. ಉಳಿದ ಹೆಂಗಸರು ಇಳಿದಷ್ಟೇ. ಕಣ್ಣಂದಾಜಿನಲ್ಲಿ ಆರಿಸಿದ ಕಲ್ಲು. ನನ್ನ ಹನ್ನೊಂದು ದಿನದ ಹಾಳೆಯಲ್ಲಿ ಅವಳ ಹೆಸರಿನ ಮುಂದೆ ಸುಳ್ಳು, ಅವಳ ಚೀಲದಲ್ಲಿ ನಿಜ.

ಏಪ್ರಿಲ್ 21, ಸೋಮವಾರ. ರಾತ್ರಿ 8

ಸರ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ. ಕಲ್ಲು. ದೇವರಾಜ್ ಕೇಳಿದ್ದು, ನಾನು ಹೇಳಿದ್ದು. 38.3ಕ್ಕೆ ನಿಲ್ಲಿಸದೆ ಬಿಟ್ಟದ್ದು.

ಪೂರ್ತಿ ಕೇಳಿಸಿಕೊಂಡರು. ಆಮೇಲೆ — “ಆ ಒಬ್ಬರ ಸಾಲು ತೆಗೆದುಬಿಡಿ. ಏಳು ಜನರ ಡೇಟಾ ಸಾಕು. ಸಭೆಯಲ್ಲಿ ಗೊಂದಲ ಬೇಡ.”

“ಏಳು ಜನರಲ್ಲಿ ಯಾರೂ ಬಿದ್ದಿಲ್ಲ ಸರ್.”

“ಅದಕ್ಕೇ ಹೇಳಿದ್ದು.”

ಫೋನ್ ಇಟ್ಟು ಹಾಳೆ ಬಿಡಿಸಿಕೊಂಡೆ. ನನ್ನ ಕೆಲಸದ ಗುತ್ತಿಗೆ ಜೂನ್‌ವರೆಗೆ ಇದೆ. ಅಂದರೆ ಇತ್ತು, ಇರಬಹುದು... ಆ ಸಾಲು ತೆಗೆದರೆ ಅವಳು ಅಂಗಳದಲ್ಲಿ ಇರಲೇ ಇಲ್ಲ ಎಂದಾಗುತ್ತದೆ. ಸಂಜೆ ಅವಳ ಸೊಸೆಗೆ ಫೋನ್ ಮಾಡಿದ್ದೆ. ಮುಂದಿನ ಸೋಮವಾರದಿಂದ ಕೆಲಸಕ್ಕೆ ಬರುತ್ತೇನೆಂದು ಪುಟ್ಟತಾಯಮ್ಮ ದೇವರಾಜನಿಗೆ ಹೇಳಿ ಕಳಿಸಿದ್ದಾಳಂತೆ. ವಾರ್ಡಿನಿಂದಲೇ.

ಸಾಲು ತೆಗೆಯಲಿಲ್ಲ. ತೂಕದ ಅಂಕಿ ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿದೆ. ಕೊನೆಗೆ ಇನ್ನೊಂದು ಕಾಲಂ ಎಳೆದೆ. ಅವಳಿಗೆ ನೆನಪಿದ್ದ ದಿನಗಳನ್ನಷ್ಟೇ ತುಂಬಿದೆ. 2. 4. 5. 7. ತಲೆಬರಹ: ಕಲ್ಲು.

ಏಪ್ರಿಲ್ 22, ಮಂಗಳವಾರ. ಬೆಳಿಗ್ಗೆ 8.50

ನಮ್ಮೂರು ಹೊಳೆನರಸೀಪುರದ ಬಸ್ ಸ್ಟ್ಯಾಂಡ್, ಹಾಸನದ ಬಸ್. ಸೀಟು ಸಿಕ್ಕಿದೆ. ಹಾಳೆಯ ಹತ್ತು ಪ್ರತಿ ಬ್ಯಾಗಿನಲ್ಲಿ. ಚೀಲ ಮಡಿಲಲ್ಲಿ, ಎಲೆ ಮಾತ್ರ ಬದಲಾಯಿಸಿದೆ. ಬಾಡಿದ್ದನ್ನು ನೋಡಿದರೆ ಬೈಯುತ್ತಾಳೆ.

ಸಭೆ 11ಕ್ಕೆ, ಹಾಸನ. ಅಂಗಳದ ಕೆಲಸದ ವೇಳೆ ಎರಡನೇ ವಿಷಯ. ಅಂಕಿಅಂಶ ಓದುವವರು: ಗಂಗಾಂಬಿಕೆ, ಕ್ಷೇತ್ರ ಸಹಾಯಕಿ.